ಬಿಸಿಲಿನಲ್ಲಿ ಕೊಳೆ ಸುಡುವ ಬಿಳಿಯ ಲೇಪ

ಮುಂಬಯಿಯ ಉಪನಗರವೊಂದರಲ್ಲಿ ನಾವು ಹೋಟೆಲು ನಡೆಸುತ್ತಿದ್ದ ಕಾಲದ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸಬೇಕಾಗಿದೆ. ಹೋಟೆಲಿನ ಮುಂಭಾಗದ ಮೆಟ್ಟಿಲುಗಳ ಪಕ್ಕದಲ್ಲಿ ಕಬ್ಬಿಣದ ಕಟಕಟೆಯೊಂದಿತ್ತು. ಒಂದು ದೀಪಾವಳಿಗೆ ಅದಕ್ಕೆ ಬಿಳಿಯ ಎಣ್ಣೆಬಣ್ಣವನ್ನು ಬಳಿಸಿದೆವು. ಮುಂದಿನ ಬೇಸಗೆ ಮುಗಿಯುವಷ್ಟರಲ್ಲಿ ಅದರ ಹೊಳಪು ಅಡಗಿ, ಕೈಯಿಟ್ಟರೆ ಸುಣ್ಣದಂತಹ ಹುಡಿ ಅಂಗೈಗೆ ಅಂಟತೊಡಗಿತು. ಆಫೀಸಿಗೆ ಹೊರಟ ಗಿರಾಕಿಗಳ ಕಪ್ಪು ಪ್ಯಾಂಟಿನ ಮೇಲೆ ಬಿಳಿಯ ಗೀರುಗಳು ಮೂಡಿದಾಗ ಅವರು ಗಲ್ಲಾದ ಮುಂದೆ ಬಂದು ನಮ್ಮನ್ನು ತರಾಟೆಗೆ ತೆಗೆದುಕೊಂಡರು.

ಬಣ್ಣದ ಮೇಸ್ತ್ರಿ ಸೀಮೆಸುಣ್ಣ ಬೆರೆಸಿ ಮೋಸಮಾಡಿದ್ದಾನೆಂದು ನಾವು ನಿಶ್ಚಯಿಸಿದೆವು. ಅದೇ ಮೇಸ್ತ್ರಿ ಆಗ ಅಡುಗೆಮನೆಗೆ ಬಣ್ಣ ಬಳಿದು ಮುಗಿಸಿದ್ದನು. ಆ ಕೂಲಿಯಿಂದ ೧,೫೦೦ ರೂಪಾಯಿಗಳನ್ನು ಹಿಡಿದುಕೊಂಡೆವು. “ಶೇಟ್, ಡಬ್ಬಿ ತಂದುಕೊಟ್ಟವರು ನೀವು. ನಾನು ಬಳಿದವನು ಮಾತ್ರ” ಎಂದು ಅವನು ಎರಡು ಸಲ ಹೇಳಿದನು. ನಾವು ಕಿವಿಗೊಡಲಿಲ್ಲ.

ನಮ್ಮಲ್ಲಿ ದಿನವೂ ಬೆಳಗಿನ ಕಾಫಿಗೆ ಬರುತ್ತಿದ್ದ ಕುಂದಾಪುರದ ಕಡೆಯ ಹಿರಿಯರೊಬ್ಬರಿದ್ದರು. ಬಣ್ಣದ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಗುಮಾಸ್ತರಾಗಿ ಕೂದಲು ಹಣ್ಣಾದವರು. ಅವರು ಹಳೆಯ ಡಬ್ಬಿಯನ್ನು ತರಿಸಿ, ಕನ್ನಡಕ ಏರಿಸಿ, ಚೀಟಿಯನ್ನು ಓದಿದರು. “ಇದು ಮನೆಯೊಳಗಿನ ಗೋಡೆಗೆ ಬಳಿಯುವ ಬಣ್ಣ, ಮಾರಾಯ್ರೆ. ಅಗ್ಗವೆಂದು ತಂದು ಬಿಸಿಲಿಗೆ ಇಟ್ಟಿದ್ದೀರಿ. ಎಣ್ಣೆಯನ್ನು ತಿಂದದ್ದು ಬಿಸಿಲು, ಬಿಸಿಲಿಗೆ ಹಲ್ಲು ಕೊಟ್ಟದ್ದು ಇದರೊಳಗಿನ ಬಿಳಿ ಹುಡಿ. ಮೇಸ್ತ್ರಿಯನ್ನು ಯಾಕೆ ಬೈಯ್ತೀರಿ?” ಎಂದರು. ಮೇಸ್ತ್ರಿಯನ್ನು ಹುಡುಕಿಸುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಹಣ ಕೊಟ್ಟೆವು. ಅವನು ಎಣಿಸದೆ ಜೇಬಿಗೆ ಹಾಕಿಕೊಂಡು ಹೋದನು. ಮತ್ತೆ ನಮ್ಮ ಕೆಲಸಕ್ಕೆ ಬರಲಿಲ್ಲ.

ಆ ಬಿಳಿ ಹುಡಿಯ ವಿಷಯವನ್ನು ಅಂದಿನಿಂದ ಓದುತ್ತ ಬಂದಿದ್ದೇವೆ. ನಮ್ಮ ವಿದ್ಯೆ ಎಸ್ಸೆಸ್ಸೆಲ್ಸಿಗೆ ನಿಂತುಹೋದದ್ದು. ಆದುದರಿಂದ ತಿಳಿದವರನ್ನು ಕೇಳಿ ಕೇಳಿ ಅರ್ಥಮಾಡಿಕೊಂಡದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಕಟಕಟೆಯನ್ನು ಕೆಡಿಸಿದ ಅದೇ ಗುಣವನ್ನು ಹಿಡಿದು, ಕೊಳೆತ ನೀರನ್ನು ತಿಳಿಯಾಗಿಸುವ ಉಪಾಯವನ್ನು ವಿಜ್ಞಾನಿಗಳು ಐವತ್ತು ವರ್ಷಗಳಿಂದ ಹುಡುಕುತ್ತಿದ್ದಾರೆಂಬುದು ನಮಗೆ ಬಹಳ ಕುತೂಹಲಕರವಾಗಿ ಕಂಡಿತು.

ಹುಡಿಯ ಹೆಸರು ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಣ್ಣ, ಕಾಗದ, ಪ್ಲಾಸ್ಟಿಕ್, ಹಲ್ಲುಜ್ಜುವ ಪೇಸ್ಟು, ಮುಖಕ್ಕೆ ಹಚ್ಚುವ ಕ್ರೀಮು, ಹೀಗೆ ಬೆಳ್ಳಗೆ ಕಾಣಬೇಕಾದ ನೂರಾರು ಪದಾರ್ಥಗಳಲ್ಲಿ ಅದು ಇದೆ. ಅದು ಹುಟ್ಟುವುದು ಮಾತ್ರ ಕಪ್ಪು ಮರಳಿನಲ್ಲಿ. ಕೇರಳದ ಕೊಲ್ಲಂ ಜಿಲ್ಲೆಯ ಚವರದ ಕಡಲ ತೀರದಲ್ಲಿ ಇಲ್ಮನೈಟ್ ಎಂಬ ಖನಿಜ ಧಾರಾಳವಾಗಿದೆ. ಕಬ್ಬಿಣವೂ ಟೈಟಾನಿಯಮ್ಮೂ ಅದರಲ್ಲಿ ಕೂಡಿಕೊಂಡಿವೆ. ಕಬ್ಬಿಣವನ್ನು ಬಿಡಿಸಿ ತೆಗೆದರೆ ಉಳಿಯುವುದು ಹಾಲಿನಂತಹ ಬಿಳುಪು. ತಿರುವನಂತಪುರದಲ್ಲಿ ಇದಕ್ಕಾಗಿಯೇ ೧೯೪೬ರಲ್ಲಿ ಒಂದು ಕಾರ್ಖಾನೆ ಸ್ಥಾಪಿತವಾಯಿತು. ಈ ಹುಡಿಯ ಹರಳುಗಳಲ್ಲಿ ಅನಟೇಸ್, ರೂಟೈಲ್ ಎಂದು ಎರಡು ಮುಖ್ಯ ಜಾತಿಗಳಿವೆ. ಬಿಸಿಲಿನಲ್ಲಿ ಹೆಚ್ಚು ಕಚ್ಚುವುದು ಅನಟೇಸ್. ಹೊರಗೋಡೆಯ ಬಣ್ಣಕ್ಕೆ ರೂಟೈಲನ್ನು ಆರಿಸಿ, ಅದರ ಕಣಕಣಕ್ಕೂ ಸಿಲಿಕಾ ಅಥವಾ ಅಲ್ಯುಮಿನಾದ ಹೊದಿಕೆ ಹೊದಿಸುತ್ತಾರೆ. ಹಲ್ಲಿಗೆ ಮುಸುಕು ಹಾಕಿದಂತೆ.

ಅದು ಕಚ್ಚುವ ಬಗೆ ಹೀಗೆ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು ನೂರರಲ್ಲಿ ನಾಲ್ಕೈದು ಭಾಗ ಇವೆ. ಅಂತಹ ಕಿರಣ ಹರಳಿನ ಮೇಲೆ ಬಿದ್ದಾಗ ಒಳಗಿನ ಎಲೆಕ್ಟ್ರಾನೊಂದು ತನ್ನ ಸ್ಥಾನವನ್ನು ಬಿಟ್ಟು ಮೇಲಕ್ಕೆ ಜಿಗಿಯುತ್ತದೆ. ಅದು ಇದ್ದಲ್ಲಿ ಒಂದು ತೆರವು ಉಳಿಯುತ್ತದೆ. ಆ ತೆರವು ಬಳಿಯಲ್ಲಿರುವ ನೀರಿನಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುವಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ತುಣುಕು ಹುಟ್ಟುತ್ತದೆ. ಜಿಗಿದ ಎಲೆಕ್ಟ್ರಾನು ಗಾಳಿಯ ಆಮ್ಲಜನಕವನ್ನು ಸೇರಿ ಇನ್ನೊಂದು ಉಗ್ರ ತುಣುಕಾಗುತ್ತದೆ. ವಸ್ತುಗಳನ್ನು ಸುಡುವ ಶಕ್ತಿಯನ್ನು ರಸಾಯನಶಾಸ್ತ್ರಜ್ಞರು ವೋಲ್ಟುಗಳಲ್ಲಿ ಅಳೆಯುತ್ತಾರೆ: ಕ್ಲೋರಿನ್ನಿಗೆ ೧.೩೬, ಓಜೋನಿಗೆ ೨.೦೭, ಈ ಹೈಡ್ರಾಕ್ಸಿಲ್ ತುಣುಕಿಗೆ ೨.೮. ಎಣ್ಣೆ, ಬಣ್ಣ, ಔಷಧಿ, ಕೀಟನಾಶಕ ಮುಂತಾಗಿ ಇಂಗಾಲದಿಂದ ಕಟ್ಟಲ್ಪಟ್ಟ ಯಾವ ಅಣು ಸಿಕ್ಕಿದರೂ ಅದನ್ನು ಕಡಿಯುತ್ತ ಹೋಗಿ, ಕೆಲಸ ಪೂರ್ತಿಯಾದರೆ ಇಂಗಾಲಾಮ್ಲವೂ ನೀರೂ ಒಂದಿಷ್ಟು ಲವಣವೂ ಉಳಿಯುತ್ತವೆ. ಒಲೆಯಿಲ್ಲದೆ, ಹೊಗೆಯಿಲ್ಲದೆ ನೀರಿನೊಳಗೆ ನಡೆಯುವ ದಹನವಿದು.

ಇಷ್ಟೆಲ್ಲ ಮಾಡಿದ ಮೇಲೆಯೂ ಹರಳು ತಾನು ಖರ್ಚಾಗುವುದಿಲ್ಲ. ಕಾವಲಿಯ ಮೇಲೆ ಹಿಟ್ಟು ದೋಸೆಯಾಗಿ ಎದ್ದು ಹೋಗುತ್ತದೆ, ಕಾವಲಿ ಅಲ್ಲಿಯೇ ಇರುತ್ತದೆ. ಇಂತಹ ಪದಾರ್ಥಕ್ಕೆ ಶಾಸ್ತ್ರದಲ್ಲಿ ವೇಗವರ್ಧಕವೆಂದು ಹೆಸರು. ಬೆಳಕಿನಿಂದ ನಡೆಯುವುದಾದ್ದರಿಂದ ಇದನ್ನು ಬೆಳಕಿನ ವೇಗವರ್ಧಕವೆನ್ನಬಹುದು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ಅಕಿರಾ ಫುಜಿಶಿಮಾ ಎಂಬವರು ೧೯೬೭ರಲ್ಲಿ ನೀರಿನಲ್ಲಿ ಮುಳುಗಿಸಿದ ಟೈಟಾನಿಯಂ ಡೈಆಕ್ಸೈಡ್ ಹರಳಿನ ಮೇಲೆ ದೀಪದ ಬೆಳಕನ್ನು ಬೀರಿದಾಗ ಗುಳ್ಳೆಗಳೇಳುವುದನ್ನು ಕಂಡರು. ನೀರು ಒಡೆದು ಆಮ್ಲಜನಕವೂ ಜಲಜನಕವೂ ಬೇರೆಯಾಗುತ್ತಿದ್ದವು, ಹರಳು ಸವೆಯುತ್ತಿರಲಿಲ್ಲ. ಗುರು ಕೆನಿಚಿ ಹೊಂಡಾ ಅವರೊಡನೆ ಬರೆದ ಆ ವರದಿ ೧೯೭೨ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಾಗ ಲೋಕಕ್ಕೆ ಮೊದಲು ತೋರಿದ್ದು ಇಂಧನದ ಆಸೆ. ಕೊಳೆಯ ಕಡೆಗೆ ಗಮನ ಹರಿದದ್ದು ಅನಂತರ: ೧೯೭೬ರಲ್ಲಿ ಕೆನಡಾದ ಸಂಶೋಧಕರು ಪಿ.ಸಿ.ಬಿ. ಎಂಬ ಹಟಮಾರಿ ವಿಷಗಳನ್ನೂ, ೧೯೭೭ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಫ್ರಾಂಕ್ ಮತ್ತು ಬಾರ್ಡ್ ಎಂಬವರು ಸಯನೈಡನ್ನೂ ಇದೇ ಹುಡಿಯಿಂದ ನೀರಿನಲ್ಲಿ ಒಡೆದು ತೋರಿಸಿದರು.

ಮೋರಿಯ ನೀರನ್ನು ಶುದ್ಧಿ ಮಾಡಲು ಬೇರೆ ಉಪಾಯವಿಲ್ಲವೇ ಎಂದು ವಾಚಕರು ಕೇಳಬಹುದು. ಇದೆ. ನಮ್ಮ ಹೋಟೆಲುಗಳ ಅನ್ನದ ಗಂಜಿ, ತೊಳೆದ ಪಾತ್ರೆಯ ನೀರು, ಮನೆಗಳ ಕೊಚ್ಚೆ, ಇವನ್ನು ಸೂಕ್ಷ್ಮಜೀವಿಗಳು ಸಂತೋಷದಿಂದ ತಿನ್ನುತ್ತವೆ. ನಗರಗಳ ಶುದ್ಧೀಕರಣ ಕೇಂದ್ರಗಳು ನಡೆಯುವುದು ಅವುಗಳಿಂದಲೇ. ಆದರೆ ಬಟ್ಟೆಗೆ ಹಾಕುವ ಬಣ್ಣವನ್ನು ಬಿಸಿಲಿಗೂ ಸಾಬೂನಿಗೂ ಜಗ್ಗದಂತೆ ಕಟ್ಟಿರುತ್ತಾರೆ. ಜೀವಿಗಳಿಗೆ ಅದು ಸುಲಭವಾಗಿ ಜೀರ್ಣವಾಗುವುದಿಲ್ಲ. ರೋಗಾಣುಗಳನ್ನು ಕೊಲ್ಲುವ ಔಷಧಿಯಂತೂ ತನ್ನನ್ನು ತಿನ್ನಬಂದ ಜೀವಿಯನ್ನೇ ಕೊಲ್ಲುತ್ತದೆ. ಹೈದರಾಬಾದಿನ ನಮ್ಮ ವಾಚಕರಿಗೆ ಪಟಾಂಚೆರು ಗೊತ್ತಿರುವ ಹೆಸರು. ಅಲ್ಲಿನ ಔಷಧಿ ಕಾರ್ಖಾನೆಗಳ ನೀರನ್ನು ಶುದ್ಧಿಮಾಡಿ ಹೊರಬಿಡುವ ಕೇಂದ್ರವೊಂದರ ನೀರನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿ ೧೯ ವರ್ಷಗಳ ಹಿಂದೆ, ಅಂದರೆ ೨೦೦೭ರಲ್ಲಿ, ವರದಿ ಪ್ರಕಟಿಸಿದರು. ಒಂದು ಲೀಟರಿನಲ್ಲಿ ೩೧ ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತು. ಅದು ಶುದ್ಧಿಯಾದ ಮೇಲಿನ ನೀರು! ಇಂತಹ ಔಷಧಿಯ ನೀರಿನಲ್ಲಿ ಬದುಕಿ ಉಳಿದ ರೋಗಾಣುಗಳು ಔಷಧಿಗೆ ಬಗ್ಗದ ಜಾತಿಯವಾಗುತ್ತವೆಂಬ ಭಯವಿದೆ. ಸೂಕ್ಷ್ಮಜೀವಿಗಳು ಸೋತಲ್ಲಿ ಬೆಳಕಿನ ವೇಗವರ್ಧಕವನ್ನು ನಿಯೋಗಿಸಬೇಕೆಂಬುದು ವಿಜ್ಞಾನಿಗಳ ಯೋಚನೆ.

ಯೋಚನೆಗೆ ಮೊದಲು ಅಡ್ಡಬಂದದ್ದು ಹುಡಿಯೇ. ಪ್ರಯೋಗಶಾಲೆಗಳಲ್ಲಿ ಹೆಚ್ಚಾಗಿ ಉಪಯೋಗಿಸುವ ಹುಡಿಯ ಕಣ ಒಂದು ಮಿಲಿಮೀಟರಿನ ಸುಮಾರು ೫೦,೦೦೦ದಲ್ಲಿ ಒಂದು ಪಾಲು. ಒಂದು ಗ್ರಾಮಿನ ಕಣಗಳ ಮೈಯನ್ನೆಲ್ಲ ಹರವಿದರೆ ೫೦ ಚದರ ಮೀಟರು ಆಗುತ್ತದೆ. ಅದರಿಂದಲೇ ಅದಕ್ಕೆ ಅಷ್ಟು ಬಲ. ಆದರೆ ಕೆಲಸ ಮುಗಿದ ಮೇಲೆ ಅದನ್ನು ನೀರಿನಿಂದ ಹಿಂದಕ್ಕೆ ತೆಗೆಯುವುದು ಹೇಗೆ? ನೀರು ಮಜ್ಜಿಗೆಯಂತಾಗಿರುತ್ತದೆ, ಬಟ್ಟೆಯಲ್ಲಿ ಸೋಸಿದರೆ ನಿಲ್ಲದು, ಇಟ್ಟರೆ ಬೇಗನೆ ತಳಕ್ಕೆ ಇಳಿಯದು. ಕೊಳೆ ತೆಗೆಯಲು ಹಾಕಿದ್ದೇ ಕೊಳೆಯಾಗಿ ಕೂರುತ್ತದೆ, ಪ್ರತಿ ಸಲವೂ ಒಂದಿಷ್ಟು ಹುಡಿ ನೀರಿನೊಡನೆ ಹೋಗುತ್ತದೆ.

ಹೋಟೆಲಿನ ಭಾಷೆಯಲ್ಲಿ ಹೇಳುವುದಾದರೆ, ಹುಡಿಯೆಂದರೆ ಮೇಜುಮೇಜಿಗೆ ಹೋಗುವ ಸಪ್ಲಾಯರುಗಳು. ಗಿರಾಕಿ ಎಲ್ಲಿದ್ದರೂ ಅಲ್ಲಿಗೆ ಹೋಗುತ್ತಾರೆ, ಕೆಲಸ ಚುರುಕಾಗಿ ಸಾಗುತ್ತದೆ. ಆದರೆ ರಾತ್ರಿ ಬಾಗಿಲು ಹಾಕುವಾಗ ಗಿರಾಕಿಗಳ ಸಂದಣಿಯೊಡನೆ ಅವರೂ ಹೊರಟುಹೋಗುತ್ತಾರೆ. ಅದರ ಬದಲು ನಿಂತು ತಿನ್ನುವ ಕೌಂಟರು ಇಟ್ಟರೆ ಹೇಗೆ? ಗಿರಾಕಿಯೇ ಬರಬೇಕು, ಸರದಿ ಕಾಯಬೇಕು. ಆದರೆ ಕೌಂಟರು ಎಲ್ಲಿಗೂ ಓಡಿಹೋಗದು. ಹುಡಿಯನ್ನು ಬಿಟ್ಟು ಗಾಜಿನ ಮೇಲೋ ಉಕ್ಕಿನ ತಗಡಿನ ಮೇಲೋ ತೆಳುವಾದ ಲೇಪವಾಗಿ ಹಿಡಿಸುವುದೆಂದರೆ ಇದೇ. ಒಮ್ಮೆ ಮುಳುಗಿಸಿ ತೆಗೆದು, ತೊಳೆದು, ಮತ್ತೊಂದು ಪಾತ್ರೆಯ ನೀರಿಗೆ ಇಳಿಸಬಹುದು.

ಲೇಪ ಮಾಡುವ ವಿಧಾನಗಳಲ್ಲಿ ಒಂದು ನಮಗೆ ಅಡುಗೆಯ ನೆನಪು ತಂದಿತು. ಟೈಟಾನಿಯಂ ಸಂಯುಕ್ತವೊಂದನ್ನು ಸಾರಾಯದಲ್ಲಿ ಕದಡಿ ತೆಳುವಾದ ಪಾಕ ಮಾಡುತ್ತಾರೆ. ಶುಭ್ರವಾದ ಗಾಜನ್ನು ಅದರಲ್ಲಿ ಅದ್ದಿ, ಒಂದೇ ಹದದ ನಿಧಾನದಲ್ಲಿ ಮೇಲಕ್ಕೆ ಎತ್ತುತ್ತಾರೆ; ವೇಗ ಹೆಚ್ಚಾದರೆ ಪದರ ದಪ್ಪವಾಗಿ ಒಣಗುವಾಗ ಬಿರುಕು ಬಿಡುತ್ತದೆ. ಆರಿಸಿ ೪೫೦ ರಿಂದ ೫೦೦ ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಯಿಸಿದಾಗ ಅನಟೇಸ್ ಹರಳು ಕಟ್ಟಿ ಗಾಜಿಗೆ ಕಚ್ಚಿಕೊಳ್ಳುತ್ತದೆ. ಬೇಕಾದಷ್ಟು ಸಲ ಹೀಗೆ ಮಾಡಿದರೂ ಒಟ್ಟು ದಪ್ಪ ತಲೆಕೂದಲಿನ ನೂರರಲ್ಲೊಂದು ಪಾಲನ್ನು ಮುಟ್ಟುವುದು ಅಪರೂಪ. ಇದರಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯ ಕಿಟಕಿ ಗಾಜಿನಲ್ಲಿ ಸೋಡಿಯಂ ಇರುತ್ತದೆ. ಬೇಯಿಸುವಾಗ ಅದು ಲೇಪದೊಳಕ್ಕೆ ಏರಿ ಬಲವನ್ನು ಕುಂದಿಸುತ್ತದೆ. ಅದಕ್ಕಾಗಿ ಮೊದಲು ಸಿಲಿಕಾದ ತಡೆಪದರ ಹಾಕಬೇಕು. ಉಪ್ಪು ಹೆಚ್ಚಾದ ಸಾರಿನಂತೆ ಆಮೇಲೆ ಸರಿಪಡಿಸುವುದಕ್ಕಾಗದ ದೋಷವಿದು.

ಮತ್ತೆ ಮತ್ತೆ ಉಪಯೋಗಿಸಬಹುದೆಂಬ ಮಾತನ್ನು ಇಲ್ಲಿ ನಿಂತು ಪರೀಕ್ಷಿಸಬೇಕು. ಹರಳು ಖರ್ಚಾಗುವುದಿಲ್ಲವೆಂಬುದು ನಿಜ. ಆದರೆ ಲೇಪ ಕೆಡುವುದಿಲ್ಲವೆಂದು ಅದರಿಂದ ಅರ್ಥವಾಗುವುದಿಲ್ಲ. ಕಾವಲಿಯೂ ಖರ್ಚಾಗುವುದಿಲ್ಲ, ಆದರೂ ಕಿಟ್ಟ ಕಟ್ಟಿದ ಕಾವಲಿಯಿಂದ ದೋಸೆ ಏಳುವುದಿಲ್ಲವೆಂಬುದನ್ನು ನಮ್ಮ ಭಟ್ಟರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಧ ಒಡೆದ ಅಣುಗಳು ಲೇಪದ ಮೈಗೆ ಅಂಟಿಕೊಂಡು ಉಳಿಯುತ್ತವೆ. ನೀರಿನ ಗಡಸುತನದಿಂದ ಸುಣ್ಣದ ಪೊರೆ ಕೂರುತ್ತದೆ. ಹರಿವಿನ ರಭಸಕ್ಕೆ ಲೇಪ ಅಲ್ಲಲ್ಲಿ ಎದ್ದುಬರುತ್ತದೆ. ಶುಭ್ರ ನೀರಿನಲ್ಲಿಟ್ಟು ಬಿಸಿಲಿಗೊಡ್ಡುವುದರಿಂದಲೋ ಮತ್ತೆ ಕಾಯಿಸುವುದರಿಂದಲೋ ಅಂಟಿದ್ದನ್ನು ಸುಟ್ಟು ಬಲವನ್ನು ಮರಳಿಸಬಹುದು, ಎದ್ದುಹೋದದ್ದು ಹೋಯಿತು. ಟೈಟಾನಿಯಂ ಬಿಟ್ಟು ಬೇರೆ ಲೇಪಗಳನ್ನು ನೋಡಿದರೆ ಇನ್ನೂ ಕಷ್ಟ: ಸತುವಿನ ಆಕ್ಸೈಡು ಬೆಳಕಿನಲ್ಲಿ ತಾನೇ ಕರಗುತ್ತದೆ, ಕ್ಯಾಡ್ಮಿಯಂ ಸಲ್ಫೈಡು ಕಣ್ಣಿಗೆ ಕಾಣುವ ಬೆಳಕಿನಲ್ಲಿಯೇ ಕೆಲಸ ಮಾಡುತ್ತದೆಯಾದರೂ ಕರಗಿ ನೀರಿಗೆ ಕ್ಯಾಡ್ಮಿಯಂ ವಿಷವನ್ನು ಬಿಡುತ್ತದೆ. ಕಳ್ಳನನ್ನು ಕಾಯಲು ಇನ್ನೊಬ್ಬ ಕಳ್ಳನನ್ನು ಕೂರಿಸಿದಂತೆ.

ಮತ್ತೊಂದು ಮೋಸ ಕಣ್ಣಿನದು. ಬಣ್ಣದ ಅಣುವಿನಲ್ಲಿ ಬಣ್ಣ ಕೊಡುವ ಕೊಂಡಿ ಒಂದು ಕಡೆ ಕಡಿದರೆ ಸಾಕು, ನೀರು ತಿಳಿಯಾಗಿ ಕಾಣುತ್ತದೆ. ಉಳಿದ ತುಂಡುಗಳು ಅಲ್ಲಿಯೇ ಇರುತ್ತವೆ. ಅಜೋ ಎಂಬ ವರ್ಗದ ಬಣ್ಣಗಳ ಕೆಲವು ತುಂಡುಗಳು ಮೂಲ ಬಣ್ಣಕ್ಕಿಂತ ಕೆಟ್ಟವು. ಆದುದರಿಂದ ಬಲ್ಲವರು ನೀರಿನ ಬಣ್ಣವನ್ನು ನೋಡಿ ತೃಪ್ತರಾಗುವುದಿಲ್ಲ. ಅದರಲ್ಲಿ ಇಂಗಾಲ ಎಷ್ಟು ಉಳಿದಿದೆಯೆಂದು ಅಳೆಯುತ್ತಾರೆ.

ಕೆಲವು ತಿಂಗಳ ಹಿಂದೆ ನಮ್ಮ ಕಚೇರಿಗೆ ತರುಣ ಏಜಂಟರೊಬ್ಬರು ಬಂದಿದ್ದರು. ನಾವು ಹೋಟೆಲಿನವರೆಂದು ಯಾರೋ ಹೇಳಿದ್ದರಂತೆ. ಅಡುಗೆಮನೆಯ ಗೋಡೆಗೆ ಒಮ್ಮೆ ಸಿಂಪಡಿಸಿದರೆ ಜಿಡ್ಡು ತಾನಾಗಿ ಮಾಯವಾಗುವುದೆಂದೂ, ಮೋರಿಯ ತೊಟ್ಟಿಗೆ ಲೇಪಿಸಿದರೆ ನೀರು ಶುದ್ಧವಾಗುವುದೆಂದೂ, ಜನ್ಮದಲ್ಲಿ ಮತ್ತೆ ಖರ್ಚಿಲ್ಲವೆಂದೂ ಹೇಳಿ, ಲೇಪವಿದ್ದ ಗಾಜಿನ ತುಂಡೊಂದನ್ನು ನೀಲಿ ನೀರಿನಲ್ಲಿಟ್ಟು ಕಿಟಕಿಯ ಬಿಸಿಲಿಗೆ ಹಿಡಿದರು. ಸಂಜೆಗೆ ನೀಲಿ ಹೋಗುವುದೆಂದರು. “ನಿಮ್ಮ ಗೋಡೆಗೆ ಬಿಸಿಲು ಎಲ್ಲಿಂದ ಬರುತ್ತದೆ?” ಎಂದು ಕೇಳಿದೆವು. ಅಡುಗೆಮನೆಯಲ್ಲಿ ಉರಿಯುವುದು ಎಲ್.ಇ.ಡಿ. ದೀಪ, ಅದರಲ್ಲಿ ನೇರಳಾತೀತ ಕಿರಣಗಳಿಲ್ಲವೆನ್ನಬಹುದು. ಬಾಣಲೆಯ ಹಿಂದಿನ ಗೋಡೆಗೆ ಒಂದು ವಾರದಲ್ಲಿ ಕೂರುವ ಜಿಡ್ಡಿನ ದಪ್ಪ ಲೇಪದ ಸಾಮರ್ಥ್ಯಕ್ಕೆ ಎಷ್ಟೋ ಮೀರಿದ್ದು. “ಈ ಗಾಜು ಎಷ್ಟು ಸಲ ನಡೆಯುತ್ತದೆ?” ಎಂದು ಕೇಳಿದಾಗ, “ಕಂಪೆನಿಯನ್ನು ಕೇಳಿ ಹೇಳುತ್ತೇನೆ, ಸರ್” ಎಂದು ಗಾಜನ್ನು ನಮ್ಮಲ್ಲೇ ಬಿಟ್ಟು ಹೋದರು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಸಂಬಳಕ್ಕಾಗಿ ದಾರಿ ಸವೆಸುವ ಹುಡುಗ. ಸಿಟ್ಟಿರುವುದು ಅವನ ಬಾಯಲ್ಲಿ ‘ಜನ್ಮ’ ಎಂಬ ಮಾತನ್ನಿಟ್ಟು ಕಳುಹಿಸಿದವರ ಮೇಲೆ.

ಹಾಗೆಂದು ಈ ಲೇಪ ಬರಿಯ ಬುರುಡೆಯಲ್ಲ. ಜಪಾನಿನ ಹೆದ್ದಾರಿ ಸುರಂಗಗಳಲ್ಲಿ ದೀಪದ ಗಾಜಿನ ಮುಚ್ಚಳಗಳಿಗೆ ಲೇಪ ಕೊಟ್ಟರು. ವಾಹನಗಳ ಹೊಗೆಯ ಜಿಡ್ಡು ಅಲ್ಲಿ ತೆಳುವಾಗಿ ಕೂರುತ್ತಿದ್ದಂತೆಯೇ ದೀಪದಿಂದ ಬರುವ ಕಿರಣವೇ ಅದನ್ನು ಸುಡುತ್ತದೆ. ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪೆನಿ ೨೦೦೧ರಲ್ಲಿ ಮಾರಾಟಕ್ಕೆ ತಂದ ಕಿಟಕಿ ಗಾಜಿನ ಲೇಪದ ದಪ್ಪ ಸುಮಾರು ೧೫ ನ್ಯಾನೋಮೀಟರು, ಕೂದಲಿನ ಐದು ಸಾವಿರದಲ್ಲೊಂದು ಪಾಲಿನ ಆಸುಪಾಸು; ಬಿಸಿಲು ಕೊಳೆಯನ್ನು ಸಡಿಲಿಸಿದ ಮೇಲೆ ಮಳೆ ಹಾಳೆಯಂತೆ ಹರಡಿ ತೊಳೆದುಕೊಂಡು ಹೋಗುತ್ತದೆ. ಎರಡು ಕಡೆಯಲ್ಲಿಯೂ ಕೊಳೆ ಅಲ್ಪ, ಬೆಳಕು ಧಾರಾಳ, ಅವಸರವಿಲ್ಲ. ಲೇಪಕ್ಕೆ ಒಪ್ಪುವ ಉದ್ಯೋಗವದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲಸವನ್ನೂ ಇಲ್ಲಿ ಹೇಳಲೇಬೇಕು. ಅಲ್ಲಿ ಕೆ.ಸಿ. ಪಾಟೀಲರು ಬೆಳೆಸಿದ ದಹನ ವಿಧಾನವೆಂಬುದೊಂದಿದೆ: ಲೋಹದ ಲವಣವನ್ನೂ ಇಂಧನವನ್ನೂ ಒಂದೇ ದ್ರಾವಣದಲ್ಲಿ ಕೂಡಿಸಿ ಬಿಸಿಮಾಡಿದರೆ ಭಗ್ಗನೆ ಹತ್ತಿ ಕ್ಷಣಾರ್ಧದಲ್ಲಿ ಹಗುರವಾದ ಹುಡಿ ಸಿದ್ಧವಾಗುತ್ತದೆ. ಈ ವಿಧಾನದಿಂದ ಮಾಡಿದ ಟೈಟಾನಿಯಂ ಹುಡಿ ಸೂರ್ಯನ ಬೆಳಕಿನಲ್ಲಿ ಹಲವು ಬಟ್ಟೆಬಣ್ಣಗಳನ್ನು ಪೇಟೆಯ ಪ್ರಸಿದ್ಧ ಹುಡಿಗಿಂತ ಬೇಗನೆ ಒಡೆಯುತ್ತದೆಂದು ಅದೇ ಸಂಸ್ಥೆಯ ಎಂ.ಎಸ್. ಹೆಗಡೆ, ಗಿರಿಧರ್ ಮದ್ರಾಸ್ ಮತ್ತು ಅವರ ವಿದ್ಯಾರ್ಥಿಗಳು ೨೦೦೪ರಲ್ಲಿ ತೋರಿಸಿದರು. ಅದು ಹುಡಿ, ಅದನ್ನು ಗಟ್ಟಿಯಾದ ಲೇಪವಾಗಿ ನಿಲ್ಲಿಸುವುದು ಬೇರೆಯದೇ ವಿದ್ಯೆ.

ಹಾಗಾದರೆ ತಿರುಪ್ಪೂರಿನ ಬಣ್ಣದ ನೀರಿಗೆ ಇದನ್ನೇಕೆ ಹಾಕಲಿಲ್ಲವೆಂಬ ಪ್ರಶ್ನೆಯನ್ನು ಮದ್ರಾಸಿನ ವಾಚಕರೊಬ್ಬರು ನಮ್ಮನ್ನು ಕೇಳಿದರು. ಬನಿಯನ್ನು, ಟೀ ಶರ್ಟು ಹೊಲಿದು ಲೋಕಕ್ಕೆ ಕಳುಹಿಸುವ ಆ ಊರಿನ ಬಣ್ಣದ ಮನೆಗಳ ನೀರು ನೊಯ್ಯಲ್ ನದಿಗೆ ಸೇರಿ, ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಕೊಳೆಯ ಕೆರೆಯಾಯಿತು. ೨೦೧೧ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು, ಒಂದು ಹನಿಯೂ ಹೊರಗೆ ಬಿಡದ ವ್ಯವಸ್ಥೆ ಆಗುವವರೆಗೆ ಬಣ್ಣದ ಮನೆಗಳನ್ನು ಮುಚ್ಚಬೇಕೆಂದು ಆಜ್ಞಾಪಿಸಿತು. ಆಗ ಕೆಲಸ ಕಳೆದುಕೊಂಡವರು ಬಣ್ಣದ ತೊಟ್ಟಿಯಲ್ಲಿ ಕೈಯದ್ದುತ್ತಿದ್ದ ಕೂಲಿಗಳು. ಬೆಳೆ ಕಳೆದುಕೊಂಡಿದ್ದವರು ನದಿಯ ಕೆಳಗಿನ ರೈತರು. ಆದರೆ ಆ ನೀರಿನ ದೊಡ್ಡ ರೋಗ ಬಣ್ಣವೊಂದೇ ಅಲ್ಲ, ಉಪ್ಪು. ನೂಲಿಗೆ ಬಣ್ಣ ಹಿಡಿಸಲು ರಾಶಿ ರಾಶಿ ಉಪ್ಪು ಹಾಕುತ್ತಾರೆ. ಬೆಳಕಿನ ಲೇಪ ಉಪ್ಪನ್ನು ಮುಟ್ಟಲಾರದು. ಸಾಲದುದಕ್ಕೆ ಆ ಉಪ್ಪಿನ ಕ್ಲೋರೈಡು ಹೈಡ್ರಾಕ್ಸಿಲ್ ತುಣುಕುಗಳನ್ನು ನುಂಗಿಹಾಕುತ್ತದೆ. ಗಾಢವಾದ ಬಣ್ಣದ ನೀರಿನೊಳಗೆ ಬೆಳಕೂ ಇಳಿಯದು. ಆದುದರಿಂದ ಅಲ್ಲಿ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಗಳ ಮೂಲಕ ಹಾಯಿಸಿ, ಉಳಿದದ್ದನ್ನು ಕುದಿಸಿ ಇಂಗಿಸುವ ದುಬಾರಿಯ ದಾರಿಯನ್ನೇ ಹಿಡಿಯಬೇಕಾಯಿತು. ನಮ್ಮ ಅಭಿಪ್ರಾಯದಲ್ಲಿ ಲೇಪದ ಸ್ಥಾನ ಪಂಕ್ತಿಯ ಕೊನೆಯಲ್ಲಿದೆ: ಜೀವಿಗಳು ತಿಂದು, ಪೊರೆಗಳು ಸೋಸಿ, ಆಮೇಲೆ ಉಳಿದ ಅಲ್ಪಪ್ರಮಾಣದ ಹಟಮಾರಿ ಔಷಧಿ, ಕೀಟನಾಶಕಗಳನ್ನು ಸುಡುವ ಕೆಲಸ. ಅಲ್ಲಿಯೂ ಐದು ಸಲವಲ್ಲ, ಐನೂರು ಸಲ ನಿಂತರೆ ಮಾತ್ರ ಮುನಿಸಿಪಾಲಿಟಿಯ ಹಣ ಖರ್ಚುಮಾಡಬಹುದು.

ಏಜಂಟರು ಬಿಟ್ಟುಹೋದ ಗಾಜನ್ನು ನಾವು ವ್ಯರ್ಥಮಾಡಲಿಲ್ಲ. ಅಲಂಕಾರದ ಮೀನು ಮಾರುವ ಅಂಗಡಿಯಲ್ಲಿ ಮೀನಿನ ರೋಗಕ್ಕೆಂದು ಕೊಡುವ ಮೆಥಿಲೀನ್ ಬ್ಲೂ ತರಿಸಿ, ಎರಡು ಸ್ಟೀಲಿನ ತಟ್ಟೆಗಳಲ್ಲಿ ತೆಳುನೀಲಿ ನೀರು ಹಾಕಿ, ಒಂದರಲ್ಲಿ ಆ ಗಾಜನ್ನೂ ಇನ್ನೊಂದರಲ್ಲಿ ಅಷ್ಟೇ ಅಳತೆಯ ಬರಿಯ ಗಾಜನ್ನೂ ಇಟ್ಟು, ಕಚೇರಿಯ ಮಾಳಿಗೆಯ ಬಿಸಿಲಿನಲ್ಲಿ ಇರಿಸುತ್ತಿದ್ದೇವೆ. ನೀಲಿ ಬಿಸಿಲಿಗೆ ತಾನಾಗಿಯೂ ಸ್ವಲ್ಪ ಮಾಸುತ್ತದೆ, ಅದಕ್ಕೇ ಎರಡನೆಯ ತಟ್ಟೆ. ಮೊದಲ ದಿನ ಲೇಪದ ತಟ್ಟೆ ಮಧ್ಯಾಹ್ನ ಮೂರಕ್ಕೆ ತಿಳಿಯಾಯಿತು, ಬರಿಯ ಗಾಜಿನದು ಸಂಜೆಗೂ ನೀಲಿಯಾಗಿತ್ತು. ಎಂಟನೆಯ ಸಲ ಲೇಪದ ತಟ್ಟೆ ತಿಳಿಯಾಗುವಾಗ ಹೊತ್ತು ಮುಳುಗಿತ್ತು. ಗಾಜಿನ ಒಂದು ಅಂಚಿನಲ್ಲಿ ಉಜ್ಜಿದರೆ ಹೋಗದ ನೀಲಿ ಕಲೆ ಕೂತಿದೆ. ಅದನ್ನು ಎರಡು ದಿನ ಶುಭ್ರ ನೀರಿನಲ್ಲಿಟ್ಟು ಬಿಸಿಲಿಗೆ ಹಿಡಿದು, ಈ ಬೆಳಿಗ್ಗೆ ಒಂಬತ್ತನೆಯ ಸಲಕ್ಕೆ ಇಳಿಸಿದ್ದೇವೆ. ಕಂಪೋಸಿಂಗಿನ ಹುಡುಗ ಗಂಟೆಗೊಮ್ಮೆ ಮೇಲೆ ಹೋಗಿ ನೋಡಿ ಬಂದು ಪುಸ್ತಕದಲ್ಲಿ ಬರೆಯುತ್ತಿದ್ದಾನೆ.